ತೊಂಬತ್ತೆರಡನೇ ಬೈಟಿನ ತಂಟೆ

ಜಪಾನೀ ಭಾಷೆಯ ವಿಂಡೋಸ್ ಯಂತ್ರದಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ನೋಡಿ. ಸಿ ಡ್ರೈವ್, ಅದರೊಳಗೆ ಯೂಸರ್ಸ್, ಅದರೊಳಗೆ ಬಳಕೆದಾರರ ಫೋಲ್ಡರು ಎಂದು ದಾರಿ ತೋರಿಸುವ ಸಾಲಿನಲ್ಲಿ ನಮ್ಮ ಕಣ್ಣಿಗೆ ಒಗ್ಗಿರುವ, ಹಿಂದಕ್ಕೆ ವಾಲಿದ ಗೆರೆ ಇರುವುದಿಲ್ಲ. ಆ ಜಾಗದಲ್ಲೆಲ್ಲ ಜಪಾನಿನ ಹಣದ ಗುರುತಾದ ಯೆನ್ ಚಿಹ್ನೆ ನಿಂತಿರುತ್ತದೆ. ಕೊರಿಯಾದ ಯಂತ್ರದಲ್ಲಾದರೆ ವಾನ್ ಚಿಹ್ನೆ. ಮೊದಲ ಸಲ ನೋಡಿದವರು ಫಾಂಟ್ ಕೆಟ್ಟಿದೆ ಎಂದುಕೊಳ್ಳುತ್ತಾರೆ, ವೈರಸ್ ಹೊಕ್ಕಿತೋ ಎಂದು ಹೆದರುವವರೂ ಇದ್ದಾರೆ. ನಿಜದಲ್ಲಿ ಯಾವುದೂ ಕೆಟ್ಟಿಲ್ಲ. ಒಳಗಿರುವ ಸಂಖ್ಯೆ ನಮ್ಮ ಯಂತ್ರದಲ್ಲಿರುವ 92 ಎಂಬ ಅದೇ ಸಂಖ್ಯೆ. ಅದಕ್ಕೆ ಬರೆದ ಚಿತ್ರ ಮಾತ್ರ ಬೇರೆ.

ಇದರ ಬೇರು ಹಳೆಯದು. ಅಕ್ಷರಗಳಿಗೆ ಸಂಖ್ಯೆ ಕೊಡುವ ಅಮೆರಿಕದ ಆಸ್ಕಿ ಪಟ್ಟಿಯನ್ನು ಬೇರೆ ದೇಶಗಳು ತಮ್ಮದಾಗಿಸಿಕೊಳ್ಳುವಾಗ ಕೆಲವು ಸ್ಥಾನಗಳಲ್ಲಿ ತಮಗೆ ಬೇಕಾದ ಗುರುತು ಇಟ್ಟುಕೊಳ್ಳಬಹುದೆಂಬ ಅಂತರರಾಷ್ಟ್ರೀಯ ಏರ್ಪಾಡು ಇತ್ತು. 1969ರ ಜಪಾನೀ ಮಾನಕ 92ನೇ ಸ್ಥಾನವನ್ನು ಯೆನ್‌ಗೆ ಕೊಟ್ಟಿತು. ಹದಿನಾಲ್ಕು ವರ್ಷಗಳ ನಂತರ, 1983ರಲ್ಲಿ ಡಾಸ್ ಎರಡನೇ ಆವೃತ್ತಿ ಫೋಲ್ಡರುಗಳನ್ನು ತಂದಾಗ, ಒಂದು ಫೋಲ್ಡರಿನಿಂದ ಇನ್ನೊಂದನ್ನು ಬೇರೆ ಮಾಡಲು ಅದೇ 92ನೇ ಸಂಖ್ಯೆಯನ್ನು ಬಳಸಿತು. ಎರಡು ನಿರ್ಧಾರಗಳೂ ತಮ್ಮ ತಮ್ಮ ಜಾಗದಲ್ಲಿ ಸರಿಯಾಗಿಯೇ ಇದ್ದವು. ಎರಡೂ ಒಂದೇ ಯಂತ್ರದಲ್ಲಿ ಸೇರಿದ ಮೇಲೆ ಶುರುವಾದ ತಂಟೆ ಇಂದಿಗೂ ಪೂರ್ತಿ ತೀರಿಲ್ಲ.

ಪೂರ್ವ ಏಷ್ಯಾದ ಆಪರೇಟಿಂಗ್ ಸಿಸ್ಟಂಗಳಲ್ಲಿ ಸೆಟ್ಟಿಂಗ್ ಕೆಟ್ಟಿತು, ಕಂಟ್ರೋಲ್ ಪ್ಯಾನೆಲ್ ತೆರೆಯುತ್ತಿಲ್ಲ, ಪ್ರೋಗ್ರಾಂ ವಿಚಿತ್ರ ಅಕ್ಷರ ತೋರಿಸುತ್ತಿದೆ ಎಂಬ ದೂರು ಬಂದಾಗ, ಬಹುಪಾಲು ಸಲ ಕಾರಣ ಇಂಥದ್ದೇ ಒಂದು ಹೊಲಿಗೆಯಲ್ಲಿ ಸಿಗುತ್ತದೆ. ಇಂಗ್ಲಿಷಿನಲ್ಲಿ ಯೋಚಿಸಿ ಕಟ್ಟಿದ ಉಪಕರಣವೊಂದನ್ನು ಇಂಗ್ಲಿಷಲ್ಲದ ಬರಹದ ಮೇಲೆ ಹೊಲಿದ ಜಾಗ ಅದು. ಬೆಂಗಳೂರಿನಲ್ಲಿ ಜಪಾನ್, ಕೊರಿಯಾ, ತೈವಾನ್ ಗ್ರಾಹಕರ ಯಂತ್ರಗಳನ್ನು ದೂರದಿಂದಲೇ ಸರಿಪಡಿಸುವ ಕನ್ನಡಿಗರು ಸಾಕಷ್ಟಿದ್ದಾರೆ. ಅವರಿಗೆ ಈ ಹೊಲಿಗೆಗಳ ಪರಿಚಯ ಇರಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ. ಪರದೆಯ ಮೇಲಿನ ಲಿಪಿ ಓದಲು ಬಾರದಿದ್ದರೂ ಒಳಗಿನ ಕಾರಣ ಗೊತ್ತಿದ್ದರೆ ಅರ್ಧ ದಾರಿ ಕ್ರಮಿಸಿದಂತೆ.

ಮೊದಲು ಕೋಡ್ ಪೇಜ್ ಎಂಬುದನ್ನು ಅರಿಯೋಣ. ಒಂದು ಬೈಟಿನಲ್ಲಿ ಹಿಡಿಸುವುದು 256 ಬೆಲೆಗಳು ಮಾತ್ರ. ಜಪಾನಿನ 1978ರ ಮಾನಕದಲ್ಲಿ ಕಾಂಜಿ (ಚೀನೀ ಮೂಲದ ಅಕ್ಷರ), ಕಾನಾ (ಉಚ್ಚಾರದ ಅಕ್ಷರ), ಚಿಹ್ನೆಗಳೆಲ್ಲ ಸೇರಿ 6,802 ಅಕ್ಷರಗಳಿದ್ದವು. ಚೀನಾದ 1980ರ ಮಾನಕದಲ್ಲಿ ಚೀನೀ ಅಕ್ಷರಗಳೇ 6,763. ತೈವಾನಿನ ಬಿಗ್ ಫೈವ್ ಪಟ್ಟಿ ಹದಿಮೂರು ಸಾವಿರ ದಾಟುತ್ತದೆ. ಇವನ್ನೆಲ್ಲ ಒಂದು ಬೈಟಿನಲ್ಲಿ ತುರುಕಲಾಗದು, ಅದಕ್ಕೆ ಎರಡು ಬೈಟು ಸೇರಿಸಿ ಒಂದು ಅಕ್ಷರ ಎಂಬ ಪದ್ಧತಿ ಬಂತು. ಇಂಥ ಪಟ್ಟಿಯೇ ಕೋಡ್ ಪೇಜ್. ವಿಂಡೋಸ್ ಈ ಪಟ್ಟಿಗಳಿಗೆ ನಂಬರು ಕೊಟ್ಟಿತು: ಜಪಾನೀ ಭಾಷೆಗೆ 932, ಚೀನಾದ ಸರಳ ಲಿಪಿಗೆ 936, ಕೊರಿಯನ್‌ಗೆ 949, ತೈವಾನಿನ ಸಾಂಪ್ರದಾಯಿಕ ಲಿಪಿಗೆ 950. ಎಲ್ಲ ಲಿಪಿಗಳನ್ನೂ ಒಂದೇ ಪಟ್ಟಿಗೆ ತರುವ ಯೂನಿಕೋಡ್ ಬಂದು ದಶಕಗಳೇ ಕಳೆದರೂ ಈ ನಾಲ್ಕು ನಂಬರುಗಳು ಸತ್ತಿಲ್ಲ. ಹಳೆಯ ಲೆಕ್ಕದ ಪ್ರೋಗ್ರಾಂ, ಕಾರ್ಖಾನೆಯ ಯಂತ್ರಕ್ಕೆ ಜೋಡಿಸಿದ ಸಾಫ್ಟ್‌ವೇರ್, ಸ್ಕ್ಯಾನರಿನ ಡ್ರೈವರ್, ಕಚೇರಿಯಲ್ಲಿ ಯಾರೋ ಬರೆದಿಟ್ಟ ಬ್ಯಾಚ್ ಕಡತ, ಇವೆಲ್ಲ ಒಳಗೊಳಗೇ ಅವುಗಳನ್ನು ನಂಬಿ ಕೂತಿವೆ.

932ರಲ್ಲಿ ಒಂದು ಆಳವಾದ ಸಿಕ್ಕು ಇದೆ. ಎರಡು ಬೈಟಿನ ಅಕ್ಷರದ ಎರಡನೇ ಬೈಟು 92 ಆಗಿರಬಹುದು. ಅಂದರೆ ಅಕ್ಷರದ ಅರ್ಧಭಾಗ ಫೋಲ್ಡರು ಬೇರ್ಪಡಿಸುವ ಗುರುತಿನ ವೇಷದಲ್ಲೇ ಇರುತ್ತದೆ. ಎಲ್ಲೋ ಅಪರೂಪಕ್ಕೆ ಬರುವ ಅಕ್ಷರಗಳಿಗಾಗಿದ್ದರೆ ಚಿಂತೆಯಿರಲಿಲ್ಲ. ಆದರೆ ಸಾಫ್ಟ್‌ವೇರ್ ಎಂದು ಜಪಾನೀ ಲಿಪಿಯಲ್ಲಿ ಬರೆದಾಗ ಮೊದಲು ಬರುವ 'ಸೊ' ಅಂಥದ್ದು. ಪರದೆಯ ಮೇಲೆ ತೋರಿಸು ಎಂಬ ಮಾತಿನ ಮೊದಲ ಕಾಂಜಿ ಅಂಥದ್ದು. ಸೌಲಭ್ಯ ಎಂಬರ್ಥದ ಮಾತಿನ ಕೊನೆಯ ಕಾಂಜಿಯೂ ಅಂಥದ್ದೇ. ಎಂಎಸ್‌ಕಾನ್ಫಿಗ್ ಎಂಬ ಸೆಟ್ಟಿಂಗ್ ಉಪಕರಣದ ಜಪಾನೀ ಹೆಸರಿನೊಳಗೂ ಹೀಗೆ 92ರಲ್ಲಿ ಮುಗಿಯುವ ಕಾಂಜಿ ಇದೆ. ಸೆಟ್ಟಿಂಗ್ ಕಡತಗಳಲ್ಲಿ ದಿನವೂ ಬರುವ ಮಾತುಗಳೇ ಹೀಗೆ ಅಪಾಯದಲ್ಲಿ ಸಿಲುಕಿವೆ. ಒಂದೊಂದೇ ಬೈಟು ಓದುವ ಪ್ರೋಗ್ರಾಂ 92 ಕಂಡೊಡನೆ ಇಲ್ಲಿ ಫೋಲ್ಡರು ಮುಗಿಯಿತು ಎಂದುಕೊಳ್ಳುತ್ತದೆ, ಇಲ್ಲವೇ ಅದನ್ನು ವಿಶೇಷ ಗುರುತೆಂದು ಬಗೆದು ನುಂಗಿಬಿಡುತ್ತದೆ. ಜೊತೆಗಾರನನ್ನು ಕಳೆದುಕೊಂಡ ಮೊದಲ ಬೈಟು ಪಕ್ಕದ ಅಕ್ಷರದ ಬೈಟನ್ನು ಎಳೆದುಕೊಳ್ಳುತ್ತದೆ, ಅಲ್ಲಿಂದ ಮುಂದೆ ಸಾಲೆಲ್ಲ ಅಸ್ತವ್ಯಸ್ತ. ಜಪಾನೀ ಪ್ರೋಗ್ರಾಮರುಗಳು ಇಂಥವನ್ನು 'ದಾಮೆ ಮೋಜಿ', ಕೆಲಸಕ್ಕೆ ಬಾರದ ಅಕ್ಷರ, ಎನ್ನುತ್ತಾರೆ.

ತೈವಾನಿನಲ್ಲೂ ಇದೇ ಪಾಡು. ಅಲ್ಲಿ ಷು ಎಂಬ ಮನೆತನದ ಹೆಸರಿನ ಅಕ್ಷರವೇ 92ರಲ್ಲಿ ಮುಗಿಯುತ್ತದೆ. ಆ ಹೆಸರಿನವರು ಹಳೆಯ ತಂತ್ರಾಂಶಗಳಲ್ಲಿ ತಮ್ಮ ಹೆಸರು ಮುರಿದು ಬೀಳುವುದನ್ನು ಕಂಡವರು. ಮನುಷ್ಯನೊಬ್ಬನ ಹೆಸರನ್ನು ಯಂತ್ರ ಒಪ್ಪದಿರುವುದು ಸಣ್ಣ ಸಂಗತಿಯಲ್ಲ. ಕೊರಿಯಾದವರು ಮಾತ್ರ ಇಲ್ಲಿ ಬಚಾವಾದರು. 949ರಲ್ಲಿ ಎರಡನೇ ಬೈಟಿಗೆ ಇಂಗ್ಲಿಷ್ ದೊಡ್ಡಕ್ಷರ, ಸಣ್ಣಕ್ಷರಗಳ ಸ್ಥಾನ ಮತ್ತು ಮೇಲಿನ ಅರ್ಧದ ಸ್ಥಾನಗಳನ್ನಷ್ಟೇ ಬಳಸಿ 92ನ್ನು ಬಿಟ್ಟುಬಿಟ್ಟಿದ್ದಾರೆ. ಒಂದು ಪಟ್ಟಿ ಮಾಡುವಾಗ ತೋರಿದ ಆ ಎಚ್ಚರ ಎಷ್ಟು ಜನರ ಎಷ್ಟು ಹೊತ್ತನ್ನು ಉಳಿಸಿತೆಂದು ನೆನೆದರೆ ಗೌರವ ಮೂಡುತ್ತದೆ.

ಇನ್ನು ಸರಿಪಡಿಸುವ ಮಾತು. ಇಲ್ಲಿ ಎಡವುವವರಲ್ಲಿ ಹೆಚ್ಚಿನವರು 'ಭಾಷೆ' ಎಂಬುದು ಒಂದೇ ಸೆಟ್ಟಿಂಗ್ ಎಂದು ನಂಬಿರುತ್ತಾರೆ. ವಿಂಡೋಸ್‌ನಲ್ಲಿ ಅದು ನಾಲ್ಕು ಬೇರೆ ಬೇರೆ ಜಾಗಗಳಲ್ಲಿದೆ, ಒಂದನ್ನು ಬದಲಿಸಿದರೆ ಇನ್ನೊಂದು ಬದಲಾಗುತ್ತದೆಂಬ ಭರವಸೆಯಿಲ್ಲ. ಮೆನುಗಳು ಯಾವ ಭಾಷೆಯಲ್ಲಿ ಕಾಣಬೇಕು ಎಂಬುದು ಒಂದು. ದಿನಾಂಕ, ಹಣ, ದಶಮಾಂಶದ ಚುಕ್ಕಿ ಹೇಗಿರಬೇಕು ಎಂಬುದು ಇನ್ನೊಂದು. ಟೈಪಿಸುವ ಭಾಷೆ ಮೂರನೆಯದು. ನಾಲ್ಕನೆಯದು ಎಲ್ಲಕ್ಕಿಂತ ಒಳಗೆ ಅಡಗಿರುವ, ಯೂನಿಕೋಡ್ ಬಳಸದ ಪ್ರೋಗ್ರಾಂಗಳಿಗೆ ಯಾವ ಭಾಷೆ ಎಂಬ ಸೆಟ್ಟಿಂಗ್. ಕೋಡ್ ಪೇಜ್ ಯಾವುದೆಂದು ತೀರ್ಮಾನಿಸುವುದು ಈ ನಾಲ್ಕನೆಯದೇ. ಕಂಟ್ರೋಲ್ ಪ್ಯಾನೆಲಿನ ರೀಜನ್ ಕಿಟಕಿಯಲ್ಲಿ ಅಡ್ಮಿನಿಸ್ಟ್ರೇಟಿವ್ ಎಂಬ ಕೊನೆಯ ಟ್ಯಾಬಿನೊಳಗೆ ಅದು ಕೂತಿದೆ, ಬದಲಿಸಿದರೆ ಯಂತ್ರವನ್ನು ಮರುಚಾಲನೆ ಮಾಡಲೇಬೇಕು.

ಜಪಾನೀ ಪ್ರೋಗ್ರಾಮೊಂದು ಇಂಗ್ಲಿಷ್ ವಿಂಡೋಸ್‌ನಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲನ್ನೋ ವಿಚಿತ್ರ ಲ್ಯಾಟಿನ್ ಅಕ್ಷರಗಳನ್ನೋ ತೋರಿಸುತ್ತಿದ್ದರೆ ಮೆನುವಿನ ಭಾಷೆಯನ್ನು ಜಪಾನೀ ಮಾಡಿ ಪ್ರಯೋಜನವಿಲ್ಲ, ಈ ನಾಲ್ಕನೆಯದನ್ನು ಮುಟ್ಟಬೇಕು. ಜಪಾನೀ ಯಂತ್ರಕ್ಕೆ ಇಂಗ್ಲಿಷ್ ಮೆನು ಹಾಕಿಸಿಕೊಂಡ ಮೇಲೂ ಯೆನ್ ಚಿಹ್ನೆ ಹೋಗಲಿಲ್ಲ ಎಂದು ಗೊಣಗುವವರಿಗೂ ಉತ್ತರ ಇಲ್ಲೇ ಇದೆ.

ಅದೇ ಕಿಟಕಿಯಲ್ಲಿ 2018ರಿಂದ ಒಂದು ಹೊಸ ಚೌಕ ಕಾಣಿಸಿಕೊಂಡಿದೆ: ಜಗತ್ತಿನ ಎಲ್ಲ ಭಾಷೆಗಳಿಗೂ ಯುಟಿಎಫ್-8 ಬಳಸಿ ಎನ್ನುವ, ಬೀಟಾ ಎಂಬ ಹಣೆಪಟ್ಟಿ ಹೊತ್ತ ಆಯ್ಕೆ. ಅದಕ್ಕೆ ಟಿಕ್ ಹಾಕಿದರೆ 932, 936ರಂಥ ಹಳೆಯ ನಂಬರುಗಳ ಜಾಗಕ್ಕೆ 65001 ಎಂಬ ಯೂನಿಕೋಡ್ ನಂಬರು ಬರುತ್ತದೆ. ಕೇಳಲು ಬಹಳ ಚೆನ್ನಾಗಿದೆ. ಒಂದು ತೊಂದರೆ ತೀರಿಸಲು ಇಂಟರ್ನೆಟ್ಟಿನಲ್ಲಿ ಸಿಕ್ಕ ಸಲಹೆ ನಂಬಿ ಅದನ್ನು ಒತ್ತಿದವರು, ಮರುಚಾಲನೆಯ ನಂತರ ಹತ್ತು ವರ್ಷಗಳಿಂದ ಸರಿಯಾಗಿದ್ದ ಪ್ರೋಗ್ರಾಂಗಳೆಲ್ಲ ಕಲಸಿಹೋಗಿರುವುದನ್ನು ನೋಡುತ್ತಾರೆ. 932ರಲ್ಲಿ ಬರೆದ ಬೈಟುಗಳನ್ನು ಯುಟಿಎಫ್-8 ಎಂದು ಓದಿದರೆ ಇನ್ನೇನಾದೀತು? ಹಳೆಯ ಸ್ಥಳೀಯ ಸಾಫ್ಟ್‌ವೇರ್ ಒಂದಾದರೂ ನಡೆಯುತ್ತಿರುವ ಯಂತ್ರದಲ್ಲಿ ಈ ಚೌಕವನ್ನು ಮುಟ್ಟಬಾರದು. ನಿನ್ನೆಯವರೆಗೆ ಸರಿಯಿದ್ದ ಯಂತ್ರ ಇವತ್ತು ಕಲಸುಮೇಲೋಗರವಾಗಿದೆ ಎಂದು ಯಾರಾದರೂ ಕರೆದರೆ, ಮೊದಲು ನೋಡಬೇಕಾದ್ದೂ ಇದೇ ಚೌಕ.

ಕಲಸಿದ ಅಕ್ಷರವನ್ನು ಜಪಾನಿನಲ್ಲಿ 'ಮೋಜಿಬಾಕೆ' ಎನ್ನುತ್ತಾರೆ, ಚೀನಾದಲ್ಲಿ 'ಲುವಾನ್ ಮಾ'. ಅದನ್ನು ಕಂಡು ಗಾಬರಿಯಾಗುವ ಬದಲು ಸಾಕ್ಷಿಯಂತೆ ಓದಬೇಕು. ಚೀನೀ ಯಂತ್ರದಲ್ಲಿ 'ಕುನ್ ಜಿನ್ ಕಾವ್' ಎಂದು ಓದಿಕೊಳ್ಳುವ ಮೂರು ಅಕ್ಷರಗಳು ಮತ್ತೆ ಮತ್ತೆ ಸಾಲುಗಟ್ಟಿ ಕಂಡರೆ ಅದಕ್ಕೊಂದು ಖಚಿತ ಅರ್ಥವಿದೆ. ಯುಟಿಎಫ್-8ನಲ್ಲಿ 'ಇಲ್ಲಿದ್ದ ಅಕ್ಷರ ಗೊತ್ತಾಗಲಿಲ್ಲ' ಎಂದು ಸೂಚಿಸುವ ಬದಲಿ ಗುರುತು ಮೂರು ಬೈಟಿನದು. ಅಂಥ ಎರಡು ಗುರುತು ಪಕ್ಕಪಕ್ಕ ಬಂದಾಗ ಆಗುವ ಆರು ಬೈಟುಗಳನ್ನು 936ರ ಪ್ರಕಾರ ಓದಿದರೆ ಆ ಮೂರು ಅಕ್ಷರಗಳು ಮೂಡುತ್ತವೆ. ಮೂಲ ಅಕ್ಷರ ಆಗಲೇ ಅಳಿಸಿಹೋಗಿದೆ, ಯಾವ ಸೆಟ್ಟಿಂಗ್ ತಿರುಗಿಸಿದರೂ ಮರಳಿ ಬಾರದು, ಬ್ಯಾಕಪ್ ಹುಡುಕಬೇಕು ಎಂದೇ ಅದರ ತಾತ್ಪರ್ಯ. ಬೇರೆ ಬಗೆಯ ಕಲಸಾಟದಲ್ಲಿ ಬೈಟುಗಳು ಸುರಕ್ಷಿತವಾಗಿರುತ್ತವೆ, ಓದುವ ಪಟ್ಟಿ ಮಾತ್ರ ತಪ್ಪಿರುತ್ತದೆ. ಆಗ ಮಾಡಬಾರದ ಕೆಲಸವೆಂದರೆ ಆ ಕಡತವನ್ನು ಸೇವ್ ಮಾಡುವುದು. ತಪ್ಪಾಗಿ ಓದಿದ್ದನ್ನೇ ಬರೆದುಬಿಟ್ಟರೆ ಉಳಿದಿದ್ದೂ ಕೈಬಿಡುತ್ತದೆ. ಮುಚ್ಚಿ, ಸರಿಯಾದ ಪಟ್ಟಿ ಆರಿಸಿ, ಮತ್ತೆ ತೆರೆಯಬೇಕು.

ಕನ್ನಡ ಓದುಗರಿಗೆ ಇದು ತೀರ ಅಪರಿಚಿತವಲ್ಲ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಟೈಪಿಸಿದ ಪತ್ರವನ್ನು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದಾಗ ಲ್ಯಾಟಿನ್ ಅಕ್ಷರಗಳ ರಾಶಿ ಕಂಡವರು ಎಷ್ಟೋ ಮಂದಿ. ವಿಂಡೋಸ್ ಕನ್ನಡಕ್ಕೆ 932ರಂಥ ಮೂಲ ಕೋಡ್ ಪೇಜ್ ಕೊಟ್ಟಿರಲಿಲ್ಲ. 2001ರ ಎಕ್ಸ್‌ಪಿಯಲ್ಲಿ ನಮ್ಮ ಲಿಪಿ ನೇರವಾಗಿ ಯೂನಿಕೋಡ್ ಮೂಲಕವೇ ಬಂತು. ತಡವಾಗಿ ಬಂದದ್ದರಿಂದ ಒಂದು ಬಗೆಯ ಪಾರಂಪರಿಕ ಹೊರೆ ನಮ್ಮ ಮೇಲೆ ಬೀಳಲಿಲ್ಲ. ಬದಲಿಗೆ ಫಾಂಟಿನೊಳಗೇ ಅಕ್ಷರ ಅಡಗಿಸಿದ ಸಾವಿರಾರು ಕಡತಗಳ ಹೊರೆಯನ್ನು ನಾವೇ ಕಟ್ಟಿಕೊಂಡೆವು.

ಓದಲು ಬಾರದ ಭಾಷೆಯ ಸೆಟ್ಟಿಂಗ್ ಕಿಟಕಿಯಲ್ಲಿ ದಾರಿ ಹುಡುಕುವುದು ಹೇಗೆ? ಇದಕ್ಕೊಂದು ಸೊಗಸಾದ ಆಸರೆ ಇದೆ, ಬಹಳ ಜನ ಅದನ್ನು ಗಮನಿಸುವುದೇ ಇಲ್ಲ. ಇಂಗ್ಲಿಷ್ ಮೆನುವಿನಲ್ಲಿ ಫೈಲ್ ಎಂಬ ಪದದ ಎಫ್ ಕೆಳಗೆ ಗೆರೆ ಇರುತ್ತದೆ, ಆಲ್ಟ್ ಜೊತೆ ಎಫ್ ಒತ್ತಿದರೆ ಅದು ತೆರೆಯುತ್ತದೆ. ಕಾಂಜಿಯನ್ನೋ ಕೊರಿಯಾದ ಹಂಗುಲ್ ಅಕ್ಷರವನ್ನೋ ಒಂದೇ ಕೀಲಿಯಲ್ಲಿ ಒತ್ತಲಾಗದು. ಹಾಗಾಗಿ ಜಪಾನೀ, ಚೀನೀ, ಕೊರಿಯನ್ ಆವೃತ್ತಿಗಳಲ್ಲಿ ಸ್ಥಳೀಯ ಪದದ ಪಕ್ಕದಲ್ಲಿ ಕಂಸ ಹಾಕಿ ಆ ಇಂಗ್ಲಿಷ್ ಅಕ್ಷರವನ್ನು ಬಿಡಿಯಾಗಿ ಬರೆದಿರುತ್ತಾರೆ. ಅದು ಬಹುಪಾಲು ಇಂಗ್ಲಿಷ್ ಆವೃತ್ತಿಯ ಅಕ್ಷರವೇ ಆಗಿರುತ್ತದೆ. ಕಂಸದಲ್ಲಿ ಎ ಇದ್ದರೆ ಅಪ್ಲೈ, ವೈ ಇದ್ದರೆ ಹೌದು, ಎನ್ ಇದ್ದರೆ ಇಲ್ಲ. ಸ್ಥಾಪನೆಯ ಕಿಟಕಿಗಳಲ್ಲಿ ಅದೇ ಎನ್ 'ಮುಂದಕ್ಕೆ', ಬಿ 'ಹಿಂದಕ್ಕೆ'. ಜರ್ಮನ್, ಫ್ರೆಂಚ್ ವಿಂಡೋಸ್‌ನಲ್ಲಿ ಈ ಅನುಕೂಲ ಇಲ್ಲ, ಅಲ್ಲಿ ಅಕ್ಷರ ಆಯಾ ಭಾಷೆಯ ಪದದೊಳಗಿನದು. ಹೊಸ ಸೆಟ್ಟಿಂಗ್ಸ್ ಆ್ಯಪ್‌ನಲ್ಲಿ ಈ ಕಂಸದಕ್ಷರಗಳು ಕಾಣೆಯಾಗಿವೆ. ಅದು ನಷ್ಟವೆಂದೇ ನನ್ನೆಣಿಕೆ. ಅಲ್ಲಿ ಚಿತ್ರಗಳ ಜಾಗ, ಸಾಲುಗಳ ಕ್ರಮ ಎರಡೂ ಇಂಗ್ಲಿಷ್ ಯಂತ್ರದಂತೆಯೇ ಇರುವುದರಿಂದ, ಅದೇ ಆವೃತ್ತಿಯ ಇಂಗ್ಲಿಷ್ ಯಂತ್ರವನ್ನು ಪಕ್ಕದಲ್ಲಿಟ್ಟುಕೊಂಡು ಸಾಲು ಹೋಲಿಸಿ ಮುಂದುವರಿಯಬೇಕು.

ಇನ್ನೊಂದು ಆಸರೆ ಒಳಹೆಸರು. ಕಿಟಕಿಯ ಮೇಲಿನ ಹೆಸರು ಯಾವ ಭಾಷೆಯದೇ ಆಗಿರಲಿ, ಉಪಕರಣದ ಕಡತದ ಹೆಸರನ್ನು ಯಾರೂ ಅನುವಾದಿಸುವುದಿಲ್ಲ. ವಿಂಡೋಸ್ 98ರ ಕಾಲದ ಎಂಎಸ್‌ಕಾನ್ಫಿಗ್, ರಿಜಿಸ್ಟ್ರಿ ತೆರೆಯುವ ರೆಜ್‌ಎಡಿಟ್, ರೀಜನ್ ಕಿಟಕಿಯ ಇಂಟ್ಲ್ ಡಾಟ್ ಸಿಪಿಎಲ್, ಇವು ಟೋಕಿಯೋದಲ್ಲೂ ಸೋಲ್‌ನಲ್ಲೂ ಇವೇ. ವಿಂಡೋಸ್ ಕೀಲಿ ಮತ್ತು ಆರ್ ಒಟ್ಟಿಗೆ ಒತ್ತಿ ಹೆಸರು ಬರೆದರೆ ಆಯಿತು. ಇಲ್ಲೂ ಒಂದು ಗುಂಡಿ ಇದೆ, ಗಮನಿಸಿ: ಆ ಹೊತ್ತಿನಲ್ಲಿ ಜಪಾನೀ ಟೈಪಿಂಗ್ ಸಾಧನ ಪೂರ್ಣಗಾತ್ರದ ಅಕ್ಷರದ ಸ್ಥಿತಿಯಲ್ಲಿದ್ದರೆ ಇಂಗ್ಲಿಷ್ ಅಕ್ಷರಗಳೂ ಅಗಲವಾಗಿ ಮೂಡುತ್ತವೆ. ಕಣ್ಣಿಗೆ ಅದೇ ಅಕ್ಷರ, ಯೂನಿಕೋಡ್‌ನಲ್ಲಿ ಬೇರೆಯೇ ಸಂಖ್ಯೆ. ಕಡತ ಸಿಗಲಿಲ್ಲ ಎಂದು ಯಂತ್ರ ಹೇಳುತ್ತದೆ, ಕೇಳಿದವರು ಉಪಕರಣವೇ ಅಳಿಸಿಹೋಗಿದೆ ಎಂದುಕೊಳ್ಳುತ್ತಾರೆ. ಅಕ್ಷರಗಳ ನಡುವಿನ ಅಂತರ ಹೆಚ್ಚೆನಿಸಿದರೆ ಮೊದಲು ಟೈಪಿಂಗ್ ಸ್ಥಿತಿ ನೋಡಿ.

ತಪ್ಪಿನ ಸಂದೇಶವನ್ನು ಅನುವಾದ ಯಂತ್ರಕ್ಕೆ ಹಾಕಿ ಸಿಕ್ಕ ವಾಕ್ಯವನ್ನು ಹುಡುಕುವುದು ವ್ಯರ್ಥ ಶ್ರಮ. ಜಪಾನೀಯಿಂದ ಇಂಗ್ಲಿಷಿಗೆ ಮರಳಿ ಬಂದ ವಾಕ್ಯ ಮೈಕ್ರೋಸಾಫ್ಟ್ ಮೂಲದಲ್ಲಿ ಬರೆದ ವಾಕ್ಯವಾಗಿರುವುದಿಲ್ಲ. ಸಂದೇಶದ ಕೊನೆಗಿರುವ ಸಂಖ್ಯೆಯನ್ನು ಹಿಡಿಯಬೇಕು. 80070005 ಎಂದಿದ್ದರೆ ಅನುಮತಿ ನಿರಾಕರಿಸಲಾಗಿದೆ, 80070002 ಎಂದಿದ್ದರೆ ಕಡತ ಸಿಗಲಿಲ್ಲ; ಯಾವ ಭಾಷೆಯ ಯಂತ್ರದಲ್ಲೂ ಇದೇ ಅರ್ಥ. ಸಂಖ್ಯೆ ಇಲ್ಲದ ಕಮಾಂಡ್ ಪ್ರಾಂಪ್ಟಿನ ಸಂದೇಶಗಳಿಗೆ ಜಪಾನಿನ ತಂತ್ರಜ್ಞರು ಒಂದು ಹಳೆಯ ಉಪಾಯ ಬಳಸುತ್ತಾರೆ. ಸಿಎಚ್‌ಸಿಪಿ ಎಂದು ಬರೆದು 437 ಎಂಬ ಅಮೆರಿಕನ್ ಕೋಡ್ ಪೇಜಿನ ನಂಬರು ಕೊಟ್ಟರೆ ಆ ಕಿಟಕಿಯಲ್ಲಿ ಬಹಳಷ್ಟು ಆದೇಶಗಳು ಇಂಗ್ಲಿಷಿನಲ್ಲಿ ಉತ್ತರಿಸತೊಡಗುತ್ತವೆ. ಕಿಟಕಿ ಮುಚ್ಚಿದರೆ ಎಲ್ಲ ಮೊದಲಿನಂತೆ.

ಸ್ಕ್ರಿಪ್ಟ್ ಬರೆಯುವವರಿಗೆ ಇಲ್ಲೊಂದು ಗಂಭೀರ ಮಾತು. ಐಪಿಕಾನ್ಫಿಗ್ ಆದೇಶದ ಉತ್ತರದಲ್ಲಿ 'ಅಡ್ರೆಸ್' ಎಂಬ ಇಂಗ್ಲಿಷ್ ಪದ ಹುಡುಕುವ ಸ್ಕ್ರಿಪ್ಟು ಜಪಾನೀ ಯಂತ್ರದಲ್ಲಿ ಏನನ್ನೂ ಕಾಣುವುದಿಲ್ಲ, ಅಲ್ಲಿ ಆ ಪದ ಜಪಾನೀ ಲಿಪಿಯಲ್ಲಿದೆ. ಹಳೆಯ ವಿಂಡೋಸ್‌ನ 'ಲೋಕಲ್ ಏರಿಯಾ ಕನೆಕ್ಷನ್' ಎಂಬ ಹೆಸರಿಟ್ಟು ನೆಟ್‌ವರ್ಕ್ ಬದಲಿಸುವ ಸ್ಕ್ರಿಪ್ಟು ಚೀನಾದಲ್ಲೂ ತೈವಾನಿನಲ್ಲೂ ಸೋಲುತ್ತಿತ್ತು, ಆ ಸಂಪರ್ಕದ ಹೆಸರೇ ಅನುವಾದಗೊಂಡಿರುತ್ತಿತ್ತು. ಇದು ಬಳಕೆದಾರರ ತಪ್ಪಲ್ಲ. ಇಂಗ್ಲಿಷ್ ಯಂತ್ರದಲ್ಲಿ ಮಾತ್ರ ಪರೀಕ್ಷಿಸಿ ಲೋಕಕ್ಕೆಲ್ಲ ಕಳುಹಿಸಿದವರ ತಪ್ಪು. ಪೂರ್ವ ಏಷ್ಯಾದ ಗ್ರಾಹಕರಿಗೆ ತಂತ್ರಾಂಶ ಬರೆಯುವ ತಂಡ ಒಂದು ಜಪಾನೀ, ಒಂದು ಚೀನೀ ಯಂತ್ರದಲ್ಲಾದರೂ ಅದನ್ನು ಓಡಿಸಿ ನೋಡದೆ ಬಿಡುಗಡೆ ಮಾಡುವುದು ನನ್ನ ದೃಷ್ಟಿಯಲ್ಲಿ ಹೊಣೆಗೇಡಿತನ. ಪಠ್ಯದ ಬದಲು ಸಂಖ್ಯೆ, ಹೆಸರಿನ ಬದಲು ಗುರುತುಸಂಖ್ಯೆ ಬಳಸಿದರೆ ಇದರಲ್ಲಿ ಹೆಚ್ಚಿನದು ತಾನಾಗಿ ತಪ್ಪುತ್ತದೆ.

ನೋಟ್‌ಪ್ಯಾಡಿನಿಂದಲೂ ಒಂದು ಸಮಸ್ಯೆ ಬಂತು. 2019ರ ಮೇ ಆವೃತ್ತಿಯಿಂದ ವಿಂಡೋಸ್ 10ರ ನೋಟ್‌ಪ್ಯಾಡ್ ಹೊಸ ಕಡತಗಳನ್ನು ತಾನಾಗಿಯೇ ಯುಟಿಎಫ್-8ರಲ್ಲಿ ಉಳಿಸತೊಡಗಿತು. ಕಮಾಂಡ್ ಪ್ರಾಂಪ್ಟ್ ಮಾತ್ರ ಬ್ಯಾಚ್ ಕಡತಗಳನ್ನು ಇನ್ನೂ 932, 949 ಎಂದೇ ಓದುತ್ತಿತ್ತು. ಸ್ಥಳೀಯ ಅಕ್ಷರ ಇರುವ ಬ್ಯಾಚ್ ಕಡತ ಹಠಾತ್ತನೆ ಕೈಕೊಟ್ಟರೆ, ಅದನ್ನು ಹಳೆಯ ಪಟ್ಟಿಯಲ್ಲಿ, ಅಂದರೆ ಆನ್ಸಿ ಎಂದು ಆರಿಸಿ, ಮತ್ತೆ ಉಳಿಸಿದರೆ ಸಾಕು.

ಬಳಕೆದಾರರ ಹೆಸರಿನ ಫೋಲ್ಡರು ಇನ್ನೊಂದು ದೊಡ್ಡ ತಲೆನೋವು. ಯಂತ್ರವನ್ನು ಮೊದಲು ಸಜ್ಜುಗೊಳಿಸುವಾಗ ಸ್ಥಳೀಯ ಖಾತೆಗೆ ಹಂಗುಲ್‌ನಲ್ಲಿ ಹೆಸರು ಕೊಟ್ಟರೆ ಅದೇ ಹೆಸರಿನ ಫೋಲ್ಡರು ಸೃಷ್ಟಿಯಾಗುತ್ತದೆ. ವಿಂಡೋಸ್‌ಗೆ ಅದರಿಂದ ಅಡ್ಡಿಯಿಲ್ಲ. ತಾತ್ಕಾಲಿಕ ಕಡತಗಳನ್ನು ಅದರೊಳಗೆ ಇಡುವ ಸ್ಥಾಪಕ ಪ್ರೋಗ್ರಾಂಗಳು, ಪ್ರೋಗ್ರಾಮಿಂಗ್ ಉಪಕರಣಗಳು, ಆಟಗಳು ಆ ದಾರಿಯನ್ನು ಓದಲಾಗದೆ ಬೀಳುತ್ತವೆ, ಹಾಗೆ ಬೀಳುವಾಗ ಕಾರಣ ಹೇಳುವುದೂ ಇಲ್ಲ. ಕೊರಿಯಾ, ಜಪಾನ್‌ಗಳಲ್ಲಿ ಹೊಸ ಯಂತ್ರ ಕೊಂಡವರಿಗೆ ಬಲ್ಲವರು ಮೊದಲು ಹೇಳುವ ಮಾತೇ ಹೆಸರನ್ನು ರೋಮನ್ ಅಕ್ಷರದಲ್ಲಿ ಕೊಡಿ ಎಂದು. ಆಮೇಲೆ ಸೆಟ್ಟಿಂಗ್‌ನಲ್ಲಿ ಖಾತೆಯ ಹೆಸರು ಬದಲಿಸಿದರೆ ಪರದೆಯ ಮೇಲಿನ ಹೆಸರಷ್ಟೇ ಬದಲಾಗುತ್ತದೆ, ಫೋಲ್ಡರು ಹಳೆಯದೇ. ಆ ಫೋಲ್ಡರಿನ ಹೆಸರನ್ನು ರಿಜಿಸ್ಟ್ರಿಯಲ್ಲಿ ತಿದ್ದಿ ಬದಲಿಸುವ ಸಾಹಸಕ್ಕೆ ಕೈಹಾಕಬೇಡಿ, ರೋಮನ್ ಹೆಸರಿನ ಹೊಸ ಖಾತೆ ತೆರೆದು ಕಡತಗಳನ್ನು ಅಲ್ಲಿಗೆ ಸಾಗಿಸುವುದೇ ಕ್ಷೇಮ. ಉಬುಂಟುವಿನಲ್ಲಿ ಇದರ ತಮ್ಮನಂಥ ತೊಂದರೆ ಇದೆ. ಜಪಾನೀ ಭಾಷೆ ಆರಿಸಿ ಸ್ಥಾಪಿಸಿದರೆ ಡೆಸ್ಕ್‌ಟಾಪ್, ಡೌನ್‌ಲೋಡ್ ಫೋಲ್ಡರುಗಳ ನಿಜವಾದ ಹೆಸರೇ ಜಪಾನೀ ಆಗುತ್ತದೆ, ಟರ್ಮಿನಲ್ಲಿನಲ್ಲಿ ಅಲ್ಲಿಗೆ ಹೋಗಲು ಟೈಪಿಂಗ್ ಸಾಧನ ಬದಲಿಸುತ್ತ ಕೂರಬೇಕು. ಅಲ್ಲಿಯ ಬಳಕೆದಾರರು ಆ ಫೋಲ್ಡರುಗಳ ಹೆಸರನ್ನು ಇಂಗ್ಲಿಷಿಗೆ ತಿರುಗಿಸುವ ಆದೇಶವನ್ನು ಬಾಯಿಪಾಠ ಮಾಡಿಕೊಂಡಿರುತ್ತಾರೆ.

ಟೈಪಿಂಗ್ ಸಾಧನದ ವಿಷಯಕ್ಕೆ ಬಂದರೆ ಇಂಗ್ಲಿಷ್ ಸಲಹೆಗಳು ನೇರವಾಗಿ ಹಾನಿ ಮಾಡಿದ ಉದಾಹರಣೆಯೇ ಸಿಗುತ್ತದೆ. ಯಂತ್ರ ನಿಧಾನವಾಗಿದೆಯೇ, ಎಂಎಸ್‌ಕಾನ್ಫಿಗ್ ತೆರೆದು ಸ್ಟಾರ್ಟಪ್ ಪಟ್ಟಿಯಲ್ಲಿ ಸಿಟಿಎಫ್‌ಮಾನ್ ಎಂಬುದರ ಟಿಕ್ ತೆಗೆಯಿರಿ ಎಂಬ ಮಾತು ಎಕ್ಸ್‌ಪಿ ಕಾಲದಲ್ಲಿ ಎಲ್ಲೆಲ್ಲೂ ಓಡಾಡುತ್ತಿತ್ತು. ಇಂಗ್ಲಿಷ್ ಮಾತ್ರ ಬರೆಯುವವರಿಗೆ ಅದರಿಂದ ನಷ್ಟವಿರಲಿಲ್ಲ. ಪೂರ್ವ ಏಷ್ಯಾದ ಯಂತ್ರದಲ್ಲಿ ಸಿಟಿಎಫ್‌ಮಾನ್ ಎಂದರೆ ಕೀಲಿಗಳನ್ನು ಕಾಂಜಿಯಾಗಿ, ಚೀನೀ ಅಕ್ಷರವಾಗಿ ಮಾರ್ಪಡಿಸುವ ಏರ್ಪಾಡಿನ ಆಧಾರಸ್ತಂಭ. ಅದನ್ನು ನಿಲ್ಲಿಸಿದವರು ತಮ್ಮ ಭಾಷೆಯಲ್ಲಿ ಬರೆಯುವುದನ್ನೇ ನಿಲ್ಲಿಸಿಕೊಂಡರು. ಈಗಿನ ವಿಂಡೋಸ್‌ನಲ್ಲೂ ಅದು ನಿಂತರೆ ಸ್ಟಾರ್ಟ್ ಮೆನುವಿನ ಹುಡುಕಾಟದ ಚೌಕದಲ್ಲಿ ಒಂದಕ್ಷರವೂ ಮೂಡುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಟೈಪಿಸಲು ಆಗುತ್ತಿಲ್ಲ ಎಂಬ ದೂರಿಗೆ ಮೊದಲ ಮದ್ದು, ರನ್ ಚೌಕದಿಂದ ಸಿಟಿಎಫ್‌ಮಾನ್ ಅನ್ನು ಮತ್ತೆ ಓಡಿಸುವುದು.

ಪಾಸ್‌ವರ್ಡ್ ಸರಿಯಿದ್ದರೂ ಯಂತ್ರ ಒಳಗೆ ಬಿಡದಿದ್ದರೆ ಕೀಬೋರ್ಡಿನ ವಿನ್ಯಾಸ ನೋಡಬೇಕು. ಜಪಾನೀ ಕೀಬೋರ್ಡು 106 ಅಥವಾ 109 ಕೀಲಿಗಳದು, ಇಂಗ್ಲಿಷಿನದು 101 ಅಥವಾ 102. ಜಪಾನೀ ವಿನ್ಯಾಸದಲ್ಲಿ ಶಿಫ್ಟ್ ಜೊತೆ 2 ಒತ್ತಿದರೆ ಬರುವುದು ಉದ್ಧರಣ ಚಿಹ್ನೆ, ಇಮೇಲಿನ ಆಟ್ ಚಿಹ್ನೆಗೆ ಬೇರೆಯೇ ಕೀಲಿ ಇದೆ. ಎದುರಿಗಿರುವ ಕೀಬೋರ್ಡು ಒಂದು ಬಗೆ, ವಿಂಡೋಸ್ ನಂಬಿರುವುದು ಇನ್ನೊಂದು ಬಗೆ ಆದಾಗ ಚಿಹ್ನೆ ಇರುವ ಪಾಸ್‌ವರ್ಡುಗಳೆಲ್ಲ ತಪ್ಪಾಗುತ್ತವೆ, ಚುಕ್ಕಿಗಳ ಹಿಂದೆ ಏನು ಮೂಡಿತೆಂದು ಕಾಣುವುದೂ ಇಲ್ಲ. ಜಪಾನೀ ಭಾಷೆಯ ಆಯ್ಕೆಗಳಲ್ಲಿ ಕೀಬೋರ್ಡಿನ ವಿನ್ಯಾಸ ಬದಲಿಸಿ ಮರುಚಾಲನೆ ಮಾಡಿದರೆ ಸರಿಹೋಗುತ್ತದೆ.

ದಿನಾಂಕಗಳು ಪ್ರತ್ಯೇಕ ಲೇಖನಕ್ಕೆ ಆಗುವಷ್ಟಿವೆ, ಎರಡೇ ಮಾತು ಹೇಳುತ್ತೇನೆ. ಜಪಾನಿನಲ್ಲಿ ಚಕ್ರವರ್ತಿ ಬದಲಾದರೆ ಶಕೆ ಬದಲಾಗುತ್ತದೆ. 2019ರ ಏಪ್ರಿಲ್ 1ರಂದು ರೇವಾ ಎಂಬ ಹೊಸ ಹೆಸರು ಪ್ರಕಟವಾಯಿತು, ಮೇ 1ರಿಂದ ಜಾರಿಗೆ ಬಂತು. ತಂತ್ರಾಂಶದವರಿಗೆ ಸಿಕ್ಕಿದ್ದು ಒಂದು ತಿಂಗಳು. ವಿಂಡೋಸ್ ಮೇಜಿಯಿಂದ ರೇವಾವರೆಗಿನ ಐದು ಶಕೆಗಳನ್ನು ರಿಜಿಸ್ಟ್ರಿಯಲ್ಲಿ ಸಾಲಾಗಿ ಇಟ್ಟುಕೊಂಡಿದೆ, ಅಪ್‌ಡೇಟ್ ಆಗದ ಯಂತ್ರದಲ್ಲಿ ಕೊನೆಯ ಸಾಲು ಇರುವುದಿಲ್ಲ. ರೀಜನ್ ಸೆಟ್ಟಿಂಗ್‌ನಲ್ಲಿ ಜಪಾನೀ ಪಂಚಾಂಗ ಆರಿಸಿದ್ದರೆ 2024 ಎಂಬುದು 6 ಎಂದಾಗಿ, ಅದನ್ನು 2006 ಎಂದು ಓದುವ ಪ್ರೋಗ್ರಾಂಗಳು ಸಿಗುತ್ತವೆ. ತೈವಾನಿನ ಶಕೆ 1912ರಿಂದ ಆರಂಭ. 2011ರಲ್ಲಿ ಅದು 100ಕ್ಕೆ ಮುಟ್ಟಿದಾಗ ಎರಡಂಕಿಯ ವರ್ಷ ನೆಚ್ಚಿದ್ದ ತಂತ್ರಾಂಶಗಳು ತಮ್ಮದೇ ಸಹಸ್ರಮಾನದ ಸಂಕಟ ಎದುರಿಸಿದವು.

ಮ್ಯಾಕ್ ಬಳಸುವವರಿಗೆ ಬೇರೆ ಬಗೆಯ ಕಾಟ. ಆಪಲ್‌ನ ಹಳೆಯ ಕಡತ ವ್ಯವಸ್ಥೆ ಕೂಡಿದ ಅಕ್ಷರಗಳನ್ನು ಬಿಡಿಸಿ ಇಡುತ್ತಿತ್ತು. ಹಂಗುಲ್‌ನ ಒಂದು ಅಕ್ಷರ ಎರಡು ಮೂರು ಬಿಡಿ ಧ್ವನಿಗಳ ಜೋಡಣೆ. ಮ್ಯಾಕ್‌ನಿಂದ ಕಳುಹಿಸಿದ ಕಡತದ ಹೆಸರು ವಿಂಡೋಸ್‌ನಲ್ಲಿ ಆ ಬಿಡಿ ಧ್ವನಿಗಳಾಗಿ ಚೆಲ್ಲಾಪಿಲ್ಲಿ ಹರಡಿಕೊಳ್ಳುವುದನ್ನು ಕೊರಿಯಾದ ಕಚೇರಿಗಳಲ್ಲಿ ಇಂದಿಗೂ ನೋಡಬಹುದು. ಕನ್ನಡಕ್ಕೂ ಇದು ತಟ್ಟುತ್ತದೆ. ಯೂನಿಕೋಡ್‌ನಲ್ಲಿ 'ಕೋಲಾರ'ದ ಓತ್ವ ಒಂದೇ ಸಂಕೇತವಾಗಿಯೂ ಇರಬಹುದು, ಎತ್ವ, ಊತ್ವ, ದೀರ್ಘ ಎಂಬ ಮೂರು ಸಂಕೇತಗಳಾಗಿಯೂ ಇರಬಹುದು. ಪರದೆಯಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ. ಕಣ್ಣೆದುರಿಗೇ ಇರುವ ಕನ್ನಡ ಹೆಸರಿನ ಕಡತ ಹುಡುಕಿದರೆ ಸಿಗದಿದ್ದಾಗ ಈ ಬಿಡಿಸಿಟ್ಟ ಅಕ್ಷರದ ಮೇಲೆ ಅನುಮಾನ ಪಡಿ. ಹೆಸರನ್ನು ಅಳಿಸಿ ಹೊಸದಾಗಿ ಟೈಪಿಸಿದರೆ ಸರಿಹೋಗುತ್ತದೆ.

ಕೊನೆಗೆ, ಚೀನಾದಲ್ಲಿ ವೈದ್ಯಕೀಯ ಓದಲು ಹೋದ ನಮ್ಮ ಹುಡುಗರು ಅಲ್ಲಿಯೇ ಲ್ಯಾಪ್‌ಟಾಪ್ ಕೊಂಡಾಗ ಎದುರಾಗುವ ತೊಡಕು. ಅಲ್ಲಿ ಮಾರುವ ಯಂತ್ರಗಳಲ್ಲಿ ವಿಂಡೋಸ್ ಹೋಮ್‌ನ ಚೀನಾ ಆವೃತ್ತಿ ಇರುವುದು ಸಾಮಾನ್ಯ. ಅದರ ಪರವಾನಗಿ ಒಂದೇ ಪ್ರದರ್ಶನ ಭಾಷೆಗೆ, ಸರಳ ಚೀನೀ ಲಿಪಿಗೆ, ಸೀಮಿತ. ಭಾಷೆಯ ಪುಟದಲ್ಲಿ ಇಂಗ್ಲಿಷ್ ಸೇರಿಸಿದರೂ ಮೆನು ಚೀನೀಯಲ್ಲೇ ಉಳಿಯುತ್ತದೆ, ಪರವಾನಗಿ ಒಂದೇ ಭಾಷೆಯದೆಂಬ ಸೂಚನೆ ಆ ಪುಟದಲ್ಲೇ ಇರುತ್ತದೆ, ಅದೂ ಚೀನೀಯಲ್ಲೇ. ಇದು ದೋಷವಲ್ಲವಾದ್ದರಿಂದ ಸರಿಪಡಿಸುವ ಯಾವ ಉಪಕರಣವೂ ಇಲ್ಲಿ ಉಪಯೋಗಕ್ಕೆ ಬಾರದು. ಭಾಷೆ ಬದಲಿಸಲು ಬಿಡುವ ಪ್ರೊ ಆವೃತ್ತಿಗೆ ಹಣ ಕೊಟ್ಟು ಏರಬೇಕು, ಇಲ್ಲವೇ ಬೇರೆ ಪರವಾನಗಿ ಕೊಂಡು ಹೊಸದಾಗಿ ಸ್ಥಾಪಿಸಬೇಕು. ಇಂಗ್ಲಿಷ್ ಮಾಡಿಕೊಡುತ್ತೇವೆಂದು ಕದ್ದ ಪ್ರತಿ ಹಾಕುವವರ ಕೈಗೆ ಯಂತ್ರ ಕೊಡಬೇಡಿ. ಕೊಳ್ಳುವ ಮೊದಲೇ ಆವೃತ್ತಿಯ ಹೆಸರು ಕೇಳಿ ತಿಳಿಯುವುದು ಎಲ್ಲಕ್ಕಿಂತ ಮೇಲು. ನಿರ್ಬಂಧವಿರುವುದು ಮೆನುವಿನ ಭಾಷೆಗೆ ಮಾತ್ರ, ಟೈಪಿಂಗ್‌ಗೆ ಅದು ಅನ್ವಯಿಸುವುದಿಲ್ಲ. 2019ರ ಮೇ ಆವೃತ್ತಿಯಿಂದ ಈಚೆಗಿನ ಯಾವುದೇ ವಿಂಡೋಸ್‌ನಲ್ಲಿ, ಚೀನಾ ಆವೃತ್ತಿಯಲ್ಲೂ, ಕನ್ನಡದ ಫೊನೆಟಿಕ್ ಕೀಬೋರ್ಡ್ ಸೇರಿಸಿಕೊಂಡು ಮನೆಗೆ ಕನ್ನಡದಲ್ಲೇ ಪತ್ರ ಬರೆಯಬಹುದು.